ಕೊನೆ ಬಸ್ಸು ಮೊದಲು ಕೇಳಿ: ಫಾಲ್ಗುಣ–ಚೈತ್ರದಲ್ಲಿ ಸಾಗರ, ಶಿರಸಿ ಸುತ್ತ ಆಟ, ಜಾತ್ರೆ, ಚಿತ್ತಾರ

ಅಡಿಕೆ ಕೊಯ್ಲು ಮುಗಿದು ಗದ್ದೆ ಒಣಗಿ ಬಯಲಾದ ಮೇಲೆ ಮೊದಲ ಮಳೆ ಬೀಳುವವರೆಗೆ ಮಲೆನಾಡಿನಲ್ಲಿ ರಾತ್ರಿಗಳಿಗೆ ಬಿಡುವಿಲ್ಲ. ಒಂದೂರಲ್ಲಿ ಆಟ ಅಂದರೆ ಯಕ್ಷಗಾನ, ಪಕ್ಕದೂರಲ್ಲಿ ತಾಳಮದ್ದಲೆ, ಪೇಟೆಯಲ್ಲಿ ಜಾತ್ರೆ, ಜಾತ್ರೆಯಲ್ಲಿ ಕಂಪನಿ ನಾಟಕ. ಕಾರ್ಯಕ್ರಮ ಹುಡುಕಲು ಒದ್ದಾಡಬೇಕಿಲ್ಲ. ಸಾಗರ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಪೋಸ್ಟರು ನೋಡಿದರೆ ವಾರದ ಲೆಕ್ಕ ಸಿಗುತ್ತದೆ. ಹೊರಗಿನಿಂದ ಬಂದವರು ಎಡವುವುದು ಆಟ ಮುಗಿದ ಮೇಲೆ, ರೂಮಿಗೆ ಮರಳುವ ಹೊತ್ತಿನಲ್ಲಿ. ಹಳ್ಳಿ ಕಡೆಯ ಬಸ್ಸುಗಳು ಹೆಚ್ಚಿನವು ಸಂಜೆಗೇ ಮುಗಿದಿರುತ್ತವೆ. ಆಟ ಶುರುವಾಗುವುದೇ ಅವು ಶೆಡ್ಡು ಸೇರಿದ ಮೇಲೆ.

ಬಸ್ಸಿನಲ್ಲಿ ಓಡಾಡುವವರು ಪೋಸ್ಟರಿನಲ್ಲಿ ‘ಕಾಲಮಿತಿ’ ಎಂಬ ಪದ ಕಂಡರೆ ಎರಡು ಸಲ ಯೋಚಿಸಿ. ಕಾಲಮಿತಿ ಆಟ ಸಂಜೆ ಶುರುವಾಗಿ ಹನ್ನೆರಡು, ಒಂದಕ್ಕೆ ಮಂಗಳ ಹಾಡುತ್ತದೆ. ಕೆಲಸಕ್ಕೆ ಹೋಗುವ ಊರವರಿಗೆ ಅನುಕೂಲ, ಅವರ ಬೈಕು ಅಲ್ಲೇ ನಿಂತಿರುತ್ತದೆ. ಬಸ್ಸು ನಂಬಿದವರು ಮಾತ್ರ ನಡುರಾತ್ರಿಯಿಂದ ಆರರ ಮೊದಲ ಬಸ್ಸಿನವರೆಗೆ ಚಾವಡಿಯ ಜಗಲಿಯಲ್ಲಿ ನಾಯಿಗಳ ಜೊತೆ ಕೂರಬೇಕು. ಇಡೀ ರಾತ್ರಿಯ ಆಟ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಪೆಂಡಾಲು ಬಿಚ್ಚುವಷ್ಟರಲ್ಲಿ ಹಾಲಿನ ವ್ಯಾನೋ ಮೊದಲ ಬಸ್ಸೋ ಬರುತ್ತದೆ, ಆ ರಾತ್ರಿಗೆ ರೂಮೂ ಬೇಡ. ನಿದ್ದೆಗೆಡಲು ಆಗದವರು ಆಟೋ ಮಾತಾಡುವುದಾದರೆ ಹೋಗುವ ಮೊದಲೇ ಮಾತಾಡಿ, ಕಾಯುವ ಬಾಡಿಗೆ ಸೇರಿಸಿ ಒಂದೇ ಮೊತ್ತ ಮಾಡಿಕೊಳ್ಳಿ. ರಾತ್ರಿ ಒಂದಕ್ಕೆ ಚೌಕಾಸಿ ನಡೆಯುವುದಿಲ್ಲ.

ಆಟದಲ್ಲೂ ಎರಡು ಬಗೆ. ಟೆಂಟಿನ ಆಟಕ್ಕೆ ಟಿಕೆಟ್ಟು ಉಂಟು. ಹರಕೆ ಆಟ ಯಾರೋ ಆಡಿಸುವುದು, ಟಿಕೆಟ್ಟಿಲ್ಲ, ಹಲವು ಕಡೆ ಊಟವೂ ಇರುತ್ತದೆ. ಕರೆದರೆ ಉಣ್ಣಿ, ನಿರಾಕರಿಸಿದರೆ ಬೇಜಾರಾಗುತ್ತಾರೆ. ಒಂದು ಗಂಟೆ ಮೊದಲೇ ಹೋದರೆ ಚೌಕಿ ನೋಡಬಹುದು. ಬಣ್ಣ ಹಚ್ಚುವುದು, ಕೇದಗೆ ಮುಂದಲೆ ಕಟ್ಟುವುದು ಅಲ್ಲೇ. ಅಲ್ಲಿ ಗಣಪತಿ ಪೂಜೆ ಇರುವುದರಿಂದ ಚಪ್ಪಲಿ ಹೊರಗೆ ಬಿಡಬೇಕು, ಫೋಟೋಗೆ ಕೇಳಬೇಕು, ಫ್ಲ್ಯಾಶ್ ಹಾಕಬಾರದು. ರಂಗಸ್ಥಳದ ಎದುರಿನ ಚಾಪೆ ಮಕ್ಕಳಿಗೆ, ಮುಂದಿನ ಕುರ್ಚಿ ಊರ ಹಿರಿಯರಿಗೆ. ನಿಮಗೆ ನಾಲ್ಕನೇ ಐದನೇ ಸಾಲು ಸಾಕು. ಸ್ಪೀಕರ್ ಬಾಕ್ಸಿನ ನೇರಕ್ಕೆ ಕೂತರೆ ಚೆಂಡೆಯ ಪೆಟ್ಟಿಗೆ ಎರಡು ಗಂಟೆಯಲ್ಲಿ ಕಿವಿ ಗುಂಯ್ ಎನ್ನುತ್ತದೆ, ಭಾಗವತರ ಪದ ಒಂದೂ ಹಿಡಿಯುವುದಿಲ್ಲ. ಅರ್ಥ ಹಿಡಿಯಬೇಕೆನ್ನುವವರಿಗೆ ತಾಳಮದ್ದಲೆಯೇ ವಾಸಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಕೂತು ಮಾತಾಡುವ ಅರ್ಥಧಾರಿಗಳ ವಾದ, ಅಷ್ಟೇ. ಆದರೆ ಪ್ರಸಂಗದ ಕಥೆ ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಅರ್ಧ ಗಂಟೆಗೆ ಆಕಳಿಕೆ.

ಮಧ್ಯಾಹ್ನ ಬೆವರಿದ ಊರಲ್ಲೇ ಮೂರು ಗಂಟೆ ಜಾವಕ್ಕೆ ಚಳಿ ಹಿಡಿಯುತ್ತದೆ, ಇಬ್ಬನಿಗೆ ತಲೆ ನೆನೆಯುತ್ತದೆ. ಶಾಲು, ಟೊಪ್ಪಿ ಬೇಕು. ಇನ್ನೊಂದು ವಿಷಯವನ್ನು ಪ್ರವಾಸದ ಪಟ್ಟಿಗಳು ಹೇಳುವುದಿಲ್ಲ: ಇದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಈ ಜ್ವರ ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಹಾವಳಿ ಜಾಸ್ತಿ. ಕಾಡಂಚಿನ ಬಯಲಲ್ಲಿ ಒಣ ಹುಲ್ಲು, ತರಗೆಲೆಯ ಮೇಲೆ ನೇರವಾಗಿ ಕೂರಬೇಡಿ, ಚಾಪೆ ಒಯ್ಯಿರಿ, ಪೂರ್ತಿ ಪ್ಯಾಂಟು ಹಾಕಿ. ರೂಮಿಗೆ ಬಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ನೋಡಿಕೊಳ್ಳಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಜಾತ್ರೆಯ ವಿಷಯದಲ್ಲಿ ಆಗುವ ತಪ್ಪು ವರ್ಷದ್ದು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ: 2020, 2023, ಹೀಗೆ. ಶಿರಸಿಯದ್ದು ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷದಲ್ಲಿ. ಶಿವಮೊಗ್ಗದ ಕೋಟೆ ಮಾರಿಕಾಂಬೆಗೂ ಎರಡು ವರ್ಷಕ್ಕೊಮ್ಮೆ. ಶಿರಸಿಯಲ್ಲಿ ಜಾತ್ರೆ ಇಲ್ಲದ ವರ್ಷ ಹೋಳಿ ಹುಣ್ಣಿಮೆಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ನಮ್ಮ ಲೆಕ್ಕದಲ್ಲಿ ಜಾತ್ರೆಗಿಂತ ಅದೇ ಒಂದು ತೂಕ ಹೆಚ್ಚು. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ತಮಟೆಯ ಗತ್ತಿಗೆ ಬೇಡ ಮುನ್ನುಗ್ಗುತ್ತಾನೆ, ಹಿಂದಿನಿಂದ ಹಗ್ಗ ಹಿಡಿದವರು ಎಳೆದು ನಿಲ್ಲಿಸುತ್ತಾರೆ. ಅವನು ತಿರುಗಿದ ಕಡೆಗೆ ಹಗ್ಗವೂ ತಿರುಗುತ್ತದೆ. ಮಕ್ಕಳನ್ನು ಕರೆದೊಯ್ದವರು ರಸ್ತೆಯ ಅಂಚು ಬಿಟ್ಟು ಅಂಗಡಿ ಕಟ್ಟೆ ಹತ್ತಿ ನಿಲ್ಲಿ. ಗಲ್ಲಿ ಗಲ್ಲಿ ಬೆನ್ನಟ್ಟಬೇಡಿ, ಒಂದು ಸರ್ಕಲ್ಲಿನಲ್ಲಿ ನಿಂತರೆ ಒಂದರ ಹಿಂದೊಂದು ತಂಡ ಅಲ್ಲಿಗೇ ಬರುತ್ತದೆ.

ಸಾಗರದ ಒಂಬತ್ತು ದಿನದ ಜಾತ್ರೆಯಲ್ಲಿ ಮೊದಲ ದಿನ ಅಮ್ಮ ತವರುಮನೆಯಲ್ಲಿ, ಆಮೇಲೆ ಗಂಡನ ಮನೆಯಲ್ಲಿ. ಮೊದಲ ದಿನದ ಉಡಿ ತುಂಬುವ ಸಾಲಿಗೆ ಹರಕೆ ಇದ್ದವರು ಮಾತ್ರ ನಿಲ್ಲುವುದು ಒಳ್ಳೆಯದು. ಮಳಿಗೆ, ನಾಟಕ ಎಂದು ಬರುವವರಿಗೆ ಮೂರನೇ ದಿನದ ಮೇಲಿನ ಯಾವುದಾದರೂ ಕೆಲಸದ ದಿನ ಸಾಕು. ಕಂಪನಿ ನಾಟಕದ ಟೆಂಟಿನಲ್ಲಿ ಎರಡರ್ಥದ ಮಾತು ಧಾರಾಳ, ಮನೆಮಂದಿಯೆಲ್ಲ ಹೋಗುವವರು ತಿಳಿದೇ ಹೋಗಿ. ಆದರೆ ಹಾರ್ಮೋನಿಯಂ, ತಬಲಾ ಎದುರಿಗೇ ಕೂತು ನುಡಿಸುವ ರಂಗಗೀತೆ ಕೇಳಲು ಈಗ ಬೇರೆ ಜಾಗ ಕಡಿಮೆ. ರಸಮಂಜರಿಯ ಬಗ್ಗೆ ಹೇಳುವುದೇನೂ ಇಲ್ಲ, ಎರಡು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ.

ಜಾತ್ರೆ ರೇಟು ಎಂಬುದೊಂದಿದೆ. ಈ ಸಲ ಪೇಟೆಯ ಒಂದು ಲಾಡ್ಜಿನಲ್ಲಿ ಫೋನಿನಲ್ಲಿ ಹೇಳಿದ್ದು 900 ರೂಪಾಯಿ, ಚಾವಿ ಕೊಡುವಾಗ 1,800. ಬಿಸಿನೀರು ಬೆಳಗ್ಗೆ ಆರರಿಂದ ಏಳು, ಚೆಕ್‌ಔಟ್ ಎಂಟಕ್ಕೆ. ರಾತ್ರಿ ಆಟ ನೋಡಿ ಆರೂವರೆಗೆ ಬಂದವರು ಮಲಗುವುದು ಯಾವಾಗ? ಹಾಗಾಗಿ ರೂಮು ಹಿಡಿಯುವಾಗ ರೇಟಿಗಿಂತ ಮೊದಲು 24 ಗಂಟೆಯ ಲೆಕ್ಕವೇ ಎಂದು ಕೇಳಿ, ಹೌದೆಂದರೆ ಮೊಬೈಲಿಗೆ ಬರೆದು ಕಳಿಸಲು ಹೇಳಿ, ಸ್ವಲ್ಪ ಮುಂಗಡ ಹಾಕಿ. ಇಡೀ ರಾತ್ರಿಯ ಆಟಕ್ಕೆ ಹೋಗುವವರು ರಾತ್ರಿಯ ರೂಮು ಬಿಟ್ಟು ಬೆಳಗ್ಗೆ ಏಳರಿಂದ ಹಿಡಿದರೆ ಅರ್ಧ ದುಡ್ಡು ಉಳಿಯುತ್ತದೆ.

ಬಸ್ಸಿನ ಬೋರ್ಡನ್ನೂ ನಂಬಬೇಡಿ. ಸಾಗರದಲ್ಲಿ ‘ಶಿರಸಿ’ ಎಂದು ಕೂಗಿ ಹತ್ತಿಸಿಕೊಂಡ ಒಂದು ಖಾಸಗಿ ಬಸ್ಸು ಸಿದ್ದಾಪುರದಲ್ಲಿ ಎಲ್ಲರನ್ನೂ ಇಳಿಸಿತು. ಮುಂದಿನ ಬಸ್ಸು ‘ಈಗ ಬರುತ್ತೆ’ ಎಂದರು, ಬಂದದ್ದು ಒಂದೂಕಾಲು ಗಂಟೆಯ ಮೇಲೆ, ನಿಲ್ಲಲೂ ಜಾಗವಿಲ್ಲದೆ. ಟಿಕೆಟ್ಟಿನಲ್ಲಿ ಸಿದ್ದಾಪುರ ಎಂದೇ ಇತ್ತು, ಯಾರೂ ನೋಡಿರಲಿಲ್ಲ. ದುಡ್ಡು ಕೊಡುವ ಮೊದಲು ‘ಇದೇ ಗಾಡಿ ಶಿರಸಿಗೆ ಹೋಗ್ತದಾ’ ಎಂದು ಕಂಡಕ್ಟರನ್ನೇ ಕೇಳಿ. ಹೆಂಗಸರಿಗೆ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ, ಈ ಕಡೆಯ ಒಳದಾರಿಗಳಲ್ಲಿ ಖಾಸಗಿಯವೇ ಹೆಚ್ಚು. ಚಿಲ್ಲರೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಬೈದ ಮೇಲೆ ಒಂದು ಹೋಟ್ಲು. ಹೆಸರು ಹಾಕಿದರೆ ನಾಳೆ ಜಾಗ ಸಿಗುವುದಿಲ್ಲ, ಗುರುತು ಹೇಳಬಹುದು: ಸಾಗರದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ನಡಿಗೆ, ಆರು ಬೆಂಚು, ಹಿಂದೆ ಅಡುಗೆಮನೆ. ಬೆಳಗ್ಗೆ ಬನ್ಸು. ಕಳಿತ ಬಾಳೆಹಣ್ಣು ಕಿವುಚಿ ಮೊಸರು ಹಾಕಿ ರಾತ್ರಿಯೇ ಕಲಸಿಟ್ಟ ಹಿಟ್ಟು, ಅದಕ್ಕೇ ಒಳಗೆ ಜೇನುಗೂಡಿನ ಹಾಗೆ ತೂತು. ಅಂದೇ ಕಲಸಿದ್ದಾದರೆ ರಬ್ಬರು. ಎಂಟೂವರೆಗೆ ಖಾಲಿ. ಮಧ್ಯಾಹ್ನದ ಊಟ 60 ರೂಪಾಯಿ: ಕುಚ್ಚಲಕ್ಕಿಯೋ ಬೆಳ್ತಿಗೆಯೋ ಕೇಳಿ ಬಡಿಸುತ್ತಾರೆ, ಒಂದೆಲಗದ ತಂಬುಳಿ, ಹಲಸಿನ ಗುಜ್ಜೆಯ ಪಲ್ಯ, ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ ಕಿವುಚಿ ನೀರು ಬೆರೆಸಿ ಉಪ್ಪು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ, ಇಷ್ಟೇ. ಎರಡನೇ ಲೋಟಕ್ಕೆ ಮೇಲೆ ದುಡ್ಡಿಲ್ಲ. ಅಪ್ಪೆಹುಳಿ ಕುಡಿದವನಿಗೆ ನಿದ್ದೆ ತಾನಾಗಿ ಬರುತ್ತದೆ ಎನ್ನುತ್ತಾರೆ. ಆಟಕ್ಕೆ ಹೋಗುವವರು ಎರಡು ಲೋಟ ಕುಡಿದು ಒಂದೂವರೆಗೆ ಮಲಗಿ ಆರಕ್ಕೆ ಎದ್ದರೆ ರಾತ್ರಿ ಸುಖ. ಮಾರ್ಚಿನೊಳಗೆ ಬಂದರೆ ಆಲೆಮನೆಯೂ ಸಿಗುತ್ತದೆ. ಕಬ್ಬಿನಹಾಲು ಎಷ್ಟು ಬೇಕಾದರೂ ಕುಡಿಯಿರಿ ಎಂದಾಗ ಮೂರು ಲೋಟಕ್ಕೆ ನಿಲ್ಲಿಸಿ, ಬಸ್ಸಿನ ತಿರುವು ನೆನಪಿರಲಿ. ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ಎಳೆದು ತೆಗೆದ ತೊಡೆದೇವನ್ನು ಡಬ್ಬಿಯಲ್ಲಿಯೇ ಒಯ್ಯಬೇಕು, ಪೊಟ್ಟಣದಲ್ಲಿ ಪುಡಿ ಉಳಿಯುತ್ತದೆ.

ಹಸೆ ಚಿತ್ತಾರ ಸಾಗರ, ಸೊರಬದ ದೀವರ ಸಮುದಾಯದ ಮನೆಗಳ ಕಲೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ನೆನೆಸಿ ಅರೆದ ಬಿಳಿ, ಗುರಿಗೆ ಬೀಜದ ಹಳದಿ, ಅಕ್ಕಿ ಸುಟ್ಟು ಅರೆದ ಕಪ್ಪು, ಪುಂಡಿ ನಾರಿನ ಕುಂಚ. ಜಾತ್ರೆ ಮಳಿಗೆಗಳಲ್ಲಿ ಫ್ಯಾಬ್ರಿಕ್ ಪೇಂಟಿನದ್ದನ್ನೂ ಅದೇ ಬೆಲೆಗೆ ಮಾರುತ್ತಾರೆ. ಗೆರೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ: ಪೇಂಟಿನದು ಮಿಂಚುತ್ತದೆ, ಗೆರೆಯುದ್ದಕ್ಕೂ ಒಂದೇ ದಪ್ಪ. ಅಕ್ಕಿಯದು ಮಂಕು, ನಾರಿನ ಕುಂಚ ಒತ್ತಿ ಎತ್ತಿದಲ್ಲಿ ದಪ್ಪ ತೆಳು. ಅಕ್ಕಿಹಿಟ್ಟು ಹುಳಕ್ಕೂ ತಿಂಡಿ, ಒದ್ದೆ ಬಟ್ಟೆ ತಾಗಿದರೆ ಎದ್ದು ಬರುತ್ತದೆ. ಗಾಜಿನ ಫ್ರೇಮು ಹಾಕಿಸಿ, ಹೊರಗೋಡೆಗೆ ತೂಗಬೇಡಿ. ಬುಟ್ಟಿಗೆ ಬರೆದದ್ದು ಬೇಕಿದ್ದರೆ ಆಶ್ವಯುಜದ ಭೂಮಿ ಹುಣ್ಣಿಮೆಗೆ ಬನ್ನಿ, ಚೈತ್ರದಲ್ಲಿ ಸಿಗುವುದು ಹಿಂದಿನ ಸಾಲಿನ ಉಳಿಕೆ. ಮನೆಗೋಡೆಯ ಹಸೆ ಕಂಡರೆ ಅದು ಮದುವೆಗೆ ಬರೆದದ್ದು, ಪ್ರದರ್ಶನಕ್ಕಲ್ಲ. ಒಳಗೆ ಹೋಗುವ ಮೊದಲು ಕೇಳಿ.

ಗುಡಿಗಾರರ ಕೆತ್ತನೆಯಲ್ಲಿ ಶ್ರೀಗಂಧ ಎಂದರೆ ಬಿಲ್ಲು ಕೇಳಿ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿದ್ದು ಅಂಗಡಿಯಲ್ಲಿ ಘಮಘಮ, ಮನೆಯಲ್ಲಿ ಬರೀ ಮರ. ತಳವನ್ನು ಉಗುರಿನಿಂದ ಕೆರೆದು ಮೂಸಿದರೆ ಗೊತ್ತಾಗುತ್ತದೆ, ಕೆರೆಯಲು ಬಿಡದವನ ಹತ್ತಿರ ಕೊಳ್ಳಬೇಡಿ.

ಹೆಗ್ಗೋಡಿನ ನೀನಾಸಂಗೆ ಸುಮ್ಮನೆ ಹೋಗಿ ನಾಟಕ ಇಲ್ಲವೆಂದು ಬೈಯುವವರಿದ್ದಾರೆ. 1949ರಲ್ಲಿ ಶುರುವಾದ ಸಂಸ್ಥೆ, 1980ರಿಂದ ರಂಗಶಿಕ್ಷಣದ ಶಾಲೆ ನಡೆಸುತ್ತಿದೆ, ದಿನವೂ ಪ್ರದರ್ಶನ ಇರುವುದಿಲ್ಲ. ಹೆಸರಾದ ಸಂಸ್ಕೃತಿ ಶಿಬಿರ ಅಕ್ಟೋಬರಿನ ಸುಮಾರಿಗೆ, ವಸಂತದಲ್ಲಿ ಹುಡುಕಬೇಡಿ. ಮೊದಲು ಫೋನ್ ಮಾಡಿ. ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಸಂಸ್ಥೆಯ ಕೈಮಗ್ಗದ ಬಟ್ಟೆ ನೋಡಿ. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರಿನ ಕಂದುಗೆಂಪು ಅಲ್ಲಿಯ ಗುರುತು. ಅದನ್ನು ಬೇರೆಯಾಗಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ.

ರಾಮನವಮಿಗೆ ಶಿವಮೊಗ್ಗದ ಕಡೆ ಇರುವವರು ತುಂಗೆಯ ಆಚೆ ಈಚೆ ಇರುವ ಮತ್ತೂರು, ಹೊಸಹಳ್ಳಿಗೆ ಹೋಗಬಹುದು. ಮತ್ತೂರನ್ನು ಸಂಸ್ಕೃತದ ಊರೆಂದು ಎಲ್ಲರೂ ಬಲ್ಲರು. ಹೊಸಹಳ್ಳಿ ಗಮಕದ ಊರು, 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿಯವರು ಅಲ್ಲಿಯವರು. ಒಬ್ಬರು ಷಟ್ಪದಿ ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ, ಹಾಗಾಗಿ ಹಳೆಯ ಕಾವ್ಯದ ಕನ್ನಡ ಬಾರದವರೂ ಕೂರಬಹುದು. ನಡುವೆ ಚಪ್ಪಾಳೆ ತಟ್ಟಬೇಡಿ.

ಮರಳುವ ರೈಲು ಹುಡುಕುವಾಗ ‘ಸಾಗರ ಜಂಬಗಾರು’ ಎಂದು ಹಾಕಿ, ಸ್ಟೇಷನ್ನಿನ ಹೆಸರು ಅದೇ. ಸಂತೆಯಲ್ಲಿ ಉಪ್ಪಿನಕಾಯಿಗೆ ಅಪ್ಪೆಮಿಡಿ ಕೊಂಡರೆ ತೊಟ್ಟು ಇರುವುದನ್ನೇ ಆರಿಸಿ. ತೊಟ್ಟು ಉದುರಿದ ಮಿಡಿಯ ಸೊನೆ ಸೋರಿ ವಾರದೊಳಗೆ ಮೆತ್ತಗಾಗುತ್ತದೆ. ಆ ಸೊನೆ ತಾಗಿದ ಬಟ್ಟೆಯ ಕಲೆ ಹೋಗುವುದಿಲ್ಲ. ಮಿಡಿಯ ಚೀಲ ಸೀಟಿನ ಕೆಳಗೆ, ಚಿತ್ತಾರ ಮೇಲಿನ ಬರ್ತಿನಲ್ಲಿ.