ಪ್ಯಾಕೆಟ್‌ನಲ್ಲೇ ಸಿಗುವ ಫಿಶ್ ಬಾಲ್‌ಗೆ ಅಷ್ಟು ದೂರ ಯಾಕೆ ಹೋಗ್ತೀಯ?

ಸಿಂಗಪುರಕ್ಕೆ ಬಂದ ನೆಂಟರಿರಲಿ, ಇಲ್ಲೇ ಇರುವ ಕನ್ನಡದ ಗೆಳೆಯರಿರಲಿ, ಮೀನು ತಿನ್ನುವವರೆಲ್ಲ ನನ್ನನ್ನು ಕೇಳುವುದು ಇದನ್ನೇ. "ಅಲ್ಲ ಮಾರಾಯ, ಫಿಶ್ ಬಾಲ್ ಸೂಪರ್ ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿರುತ್ತೆ. ನಿಮ್ಮನೆ ಕೆಳಗಿನ ಅಂಗಡೀಲೂ ಫಿಶ್ ಬಾಲ್ ನೂಡಲ್ಸ್ ಇದೆ. ರಜೆ ದಿನ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಆ ಕ್ಯೂನಲ್ಲಿ ಯಾಕೆ ನಿಲ್ತೀಯ?"

ಉತ್ತರ ಸುಲಭ. ಪ್ಯಾಕೆಟ್ಟಿನ ಮೀನಿನ ಉಂಡೆಯಲ್ಲಿ ಬಹಳ ಸಲ ಹಿಟ್ಟಿನದೇ ಕಾರುಬಾರು. ನಾನು ಹೋಗುವ ಹಾಕರ್ (ಬೀದಿ ತಿಂಡಿ ಮಾರುವವರ) ಅಂಗಡಿಯ ಉಂಡೆಯಲ್ಲಿ ಮೀನು, ಉಪ್ಪು, ನೀರು, ಅಷ್ಟೇ. ಇದನ್ನು ಹೇಳಿದರೆ ಮಾತ್ರ ಯಾರೂ ನಂಬುವುದಿಲ್ಲ. ಹಿಟ್ಟಿಲ್ಲದೆ ಉಂಡೆ ನಿಲ್ಲುವುದು ಹೇಗೆ ಎಂದು ತಿರುಗಿ ಕೇಳುತ್ತಾರೆ. ನಮ್ಮಲ್ಲಿ ಮೀನಿನ ಕಟ್ಲೆಟ್‌ಗೂ ಆಲೂಗಡ್ಡೆ, ಬ್ರೆಡ್ ಪುಡಿ ಹಾಕಿಯೇ ಅಭ್ಯಾಸ ಅಲ್ವಾ?

ಹಿಡಿದು ನಿಲ್ಲಿಸುವುದು ಉಪ್ಪು ಮತ್ತು ರಟ್ಟೆ. ಚೀನಾದ ದಕ್ಷಿಣ ಕರಾವಳಿಯಿಂದ ಬಂದ ಟಿಯೋಚ್ಯೂ ಜನರ ವಿದ್ಯೆ ಇದು. ಮೀನನ್ನು ಸೀಳಿ, ಚರ್ಮ ಕೆಳಗೆ ಬರುವಂತೆ ಹಲಗೆಯ ಮೇಲೆ ಮಲಗಿಸಿ, ಚಮಚದಲ್ಲಿ ಮಾಂಸ ಕೆರೆದು ತೆಗೆಯುತ್ತಾರೆ. ಕೆರೆದರೆ ಮುಳ್ಳು ಚರ್ಮದ ಕಡೆಗೇ ಉಳಿಯುತ್ತದೆ. ಹಳೆಯ ಕೈಗಳು ಇಷ್ಟಪಡುವ ಮೀನುಗಳಲ್ಲಿ ಒಂದು ಇಕಾನ್ ಪಾರಂಗ್. ಉದ್ದಕ್ಕೆ ಕತ್ತಿಯ ಹಾಗಿರುವ, ಮೈತುಂಬ ಸಣ್ಣ ಮುಳ್ಳಿನ ಮೀನು. ಕಾರವಾರ, ಗೋವಾ ಕಡೆ ಕರ್ಲಿ ಎನ್ನುತ್ತಾರಲ್ಲ, ಅದೇ. ರುಚಿ ಇದೆ, ತಿನ್ನಲು ಮಾತ್ರ ತಲೆನೋವು. ಅಂಥದ್ದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ಆಮೇಲೆ ಶುರು ನಿಜವಾದ ಕೆಲಸ. ಕೆರೆದ ಮಾಂಸಕ್ಕೆ ತಣ್ಣನೆಯ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಒಂದೇ ದಿಕ್ಕಿಗೆ ಕಲಸಿ, ಮುದ್ದೆಯನ್ನು ಎತ್ತಿ ಎತ್ತಿ ಪಾತ್ರೆಗೆ ಬಡಿಯುತ್ತಾರೆ. ಉಪ್ಪು ಮೀನಿನ ಪ್ರೋಟೀನನ್ನು ಕರಗಿಸಿ ಹೊರಗೆ ತರುತ್ತದೆ. ಬಡಿದಂತೆಲ್ಲ ಅದು ಒಂದಕ್ಕೊಂದು ಹೆಣೆದುಕೊಂಡು ಅಂಟಂಟಾಗುತ್ತದೆ. ಬಿಸಿ ನೀರಿಗೆ ಬಿದ್ದ ಮೇಲೆ ಆ ಹೆಣಿಗೆಯೇ ಗಟ್ಟಿಯಾಗಿ, ಕಚ್ಚಿದಾಗ ಪುಟಿಯುವ ಗುಣ ಬರುತ್ತದೆ. ಮುದ್ದೆ ಬೆಚ್ಚಗಾದರೆ ಇದೆಲ್ಲ ಕೆಡುತ್ತದೆ. ಹಾಗಾಗಿ ಐಸ್ ಹತ್ತಿರ ಇಟ್ಟುಕೊಂಡೇ ಕೆಲಸ.

ನಾನು ಹೋಗುವ ಅಂಗಡಿಯಲ್ಲಿ ಅಂಕಲ್ ನೂಡಲ್ಸ್ ನೋಡಿಕೊಳ್ಳುತ್ತಾರೆ, ಆಂಟಿ ಹಿಂದೆ ನಿಂತು ಉಂಡೆ ಕಟ್ಟುತ್ತಾರೆ. (ಹೌದು, ಇಲ್ಲೂ ವಯಸ್ಸಾದವರೆಲ್ಲ ಅಂಕಲ್, ಆಂಟಿಯೇ. ಬೆಂಗಳೂರಿನಿಂದ ಬಂದವರಿಗೆ ಕಷ್ಟವೇ ಇಲ್ಲ.) ಎಡಗೈ ಮುಷ್ಟಿಯಲ್ಲಿ ಮುದ್ದೆ. ಸ್ವಲ್ಪ ಹಿಸುಕಿದರೆ ಹೆಬ್ಬೆರಳು ತೋರುಬೆರಳಿನ ಸಂದಿಯಿಂದ ಒಂದು ಗುಂಡು ಮೇಲೆ ಬರುತ್ತದೆ. ಬಲಗೈಯ ಚಮಚ ಅದನ್ನು ಬಾಚಿ ನೀರಿಗೆ ಬಿಡುತ್ತದೆ. ಕಣ್ಣು ಅತ್ತ ಕಡೆ ಇರುವುದೇ ಇಲ್ಲ, ಪಕ್ಕದ ಅಂಗಡಿಯವರ ಜೊತೆ ಮಾತು ನಡೆದೇ ಇರುತ್ತದೆ. ಒಂದು ಉಂಡೆಗೆ ಚಿಕ್ಕ ಬಾಲ, ಇನ್ನೊಂದರ ತಲೆ ಚಪ್ಪಟೆ. ಎಲ್ಲವೂ ಗೋಲಿಯಷ್ಟು ಗುಂಡಗೆ, ಒಂದೇ ಅಳತೆಯಲ್ಲಿದ್ದರೆ ಮೆಷಿನ್ನಿನದು ಅಂತ ನನಗೆ ಅನುಮಾನ ಶುರುವಾಗುತ್ತದೆ.

ನೀರು ಕೊತಕೊತ ಕುದಿಯಬಾರದು. ಕುದಿದರೆ ಉಂಡೆ ಉಬ್ಬಿ, ಹೊರಗೆ ತೆಗೆದ ಕೂಡಲೇ ಸುಕ್ಕಾಗುತ್ತದೆ.

ಆರ್ಡರ್ ಮಾಡುವಾಗ ನಾನು ಹೇಳುವುದು "ಮೀ ಪೊಕ್ ತಾ". ಮೀ ಪೊಕ್ ಎಂದರೆ ಚಪ್ಪಟೆ ಹಳದಿ ನೂಡಲ್ಸ್, ತಾ ಎಂದರೆ ಸೂಪು ಬೇರೆ ಬಟ್ಟಲಲ್ಲಿ. ಸಣ್ಣ ಎಳೆ ಬೇಕಿದ್ದರೆ ಮೀ ಕಿಯಾ. ಅಂಕಲ್ ಮೊದಲೇ ಬಟ್ಟಲಿಗೆ ಚಿಲ್ಲಿ ಸಾಂಬಾಲ್, ಕಪ್ಪು ವಿನೆಗರ್, ಹಂದಿ ಕೊಬ್ಬಿನ ಎಣ್ಣೆ ಹಾಕಿಟ್ಟಿರುತ್ತಾರೆ. ನೂಡಲ್ಸನ್ನು ಜಾಲರಿ ಸೌಟಿನಲ್ಲಿ ಬಿಸಿ ನೀರಿಗೆ ಅದ್ದಿ, ತಣ್ಣೀರಿಗೆ ಅದ್ದಿ, ಮತ್ತೆ ಬಿಸಿ ನೀರಿಗೆ ಅದ್ದಿ, ಝಾಡಿಸಿ ಬಟ್ಟಲಿಗೆ ಬಡಿಯುತ್ತಾರೆ. ತಣ್ಣೀರಿನ ಆ ಸ್ನಾನದಿಂದಲೇ ಎಳೆ ಮೆತ್ತಗಾಗದೆ ಉಳಿಯುವುದು. ನಾನು ಉಂಡೆಯ ಬಗ್ಗೆ ಇಷ್ಟೆಲ್ಲ ಕೊರೆದರೂ, ನೂಡಲ್ಸ್ ಬೆಂದು ಮುದ್ದೆಯಾದ ಅಂಗಡಿಗೆ ಎರಡನೇ ಸಲ ಹೋಗುವುದಿಲ್ಲ.

ಹಂದಿ ಕೊಬ್ಬು ತಿನ್ನದವರು "ನೋ ಲಾರ್ಡ್" ಅಂದರೆ ಎಣ್ಣೆ ಬಿಡುತ್ತಾರೆ. ಆದರೆ ಸೌಟು, ಪಾತ್ರೆ ಅವೇ, ಎಷ್ಟೋ ಕಡೆ ಸೂಪಿನಲ್ಲೂ ಹಂದಿ ಮೂಳೆ ಇರುತ್ತದೆ. ಅದು ನಡೆಯದವರು ಹಲಾಲ್ ಬೋರ್ಡ್ ಇರುವ ಅಂಗಡಿ ಹುಡುಕುವುದೇ ಸರಿ.

ಹಾಗಾದರೆ ಎಲ್ಲರೂ ಯಾಕೆ ಕೈಯಲ್ಲೇ ಮಾಡುವುದಿಲ್ಲ? ಲೆಕ್ಕ ನೋಡಿ. ರಾತ್ರಿ ಕಳೆಯುವ ಮೊದಲೇ ಎದ್ದು ಮೀನು ಕೆರೆಯಬೇಕು. ಬಟ್ಟಲಿಗೆ ಸಿಗುವುದು ನಾಲ್ಕೈದು ಡಾಲರ್. ಕಾರ್ಖಾನೆಯ ಉಂಡೆ ಬೆಳಿಗ್ಗೆ ಬಾಗಿಲಿಗೇ ಬಂದು ಬೀಳುತ್ತದೆ. ಬೀದಿ ಗಾಡಿಗಳನ್ನು ಸರ್ಕಾರ 1970-80ರ ದಶಕಗಳಲ್ಲಿ ಒಂದೇ ಸೂರಿನಡಿಯ ಹಾಕರ್ ಸೆಂಟರ್‌ಗಳಿಗೆ ಸಾಗಿಸಿತು, 2020ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಈ ಹಾಕರ್ ಸಂಸ್ಕೃತಿ ಸೇರಿತು. ಎಲ್ಲ ಸಂತೋಷವೇ. ಆದರೆ ಜನ ಇಪ್ಪತ್ತು ಡಾಲರಿನ ಜಪಾನಿ ನೂಡಲ್ಸ್ ರಾಮೆನ್‌ಗೆ ತುಟಿ ಪಿಟಕ್ಕೆನ್ನದೆ, ಇಲ್ಲಿ ಐವತ್ತು ಸೆಂಟ್ ಏರಿಸಿದರೆ ಗೊಣಗುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಇಷ್ಟು ಕಷ್ಟದ ಕೆಲಸಕ್ಕೆ ಆ ಬೆಲೆ ಕಮ್ಮಿಯೇ.

ಬರುವುದಾದರೆ ಬೆಳಿಗ್ಗೆ ಬನ್ನಿ. ಮಧ್ಯಾಹ್ನದ ಹೊತ್ತಿಗೆ ಉಂಡೆ ಖಾಲಿ, ಅಂಗಡಿ ಬಂದ್. ಮೊದಲು ಟಿಶ್ಯೂ ಪ್ಯಾಕೆಟ್ ಇಟ್ಟು ಮೇಜು ಹಿಡಿಯಿರಿ, ತಿಂದ ಮೇಲೆ ಟ್ರೇ ನೀವೇ ಎತ್ತಿಡಿ. 2021ರಿಂದ ಅದು ಕಡ್ಡಾಯ. ಪಾರ್ಸೆಲ್ ಮಾತ್ರ ಬೇಡ. ಮೀ ಪೊಕ್ ಮನೆ ಮುಟ್ಟುವಷ್ಟರಲ್ಲಿ ಅಂಟಿಕೊಂಡು ಗಟ್ಟಿಯಾಗಿರುತ್ತದೆ. ಆಮೇಲೆ ಪ್ಯಾಕೆಟ್ಟಿನದೇ ವಾಸಿ ಅಂತ ನೀವು ನನಗೇ ಹೇಳುತ್ತೀರಿ.