ಹಳದಿಯಾದದ್ದು ಚಿಗುರು

ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ದೊಡ್ಡ ಕುಂಡದಲ್ಲಿ ಒಂದು ಲಿಂಬೆ ಗಿಡವಿದೆ. ಇಂಡಿಯಲ್ಲಿ ಲಿಂಬೆ ತೋಟ ಮಾಡಿರುವ ಕಾಕಾ ಕೊಟ್ಟ ಸಸಿ ಅದು. ಕಳೆದ ಫೆಬ್ರುವರಿಯಲ್ಲಿ ಎಲೆಗಳು ಹಳದಿಯಾಗತೊಡಗಿದವು. ಗೊಬ್ಬರ ಸಾಲದಾಗಿದೆ ಎಂದುಕೊಂಡು ಬುಡಕ್ಕೆ ಒಂದು ಮುಷ್ಟಿ ಯೂರಿಯಾ ಹಾಕಿ ನೀರು ಬಿಟ್ಟೆ. ವಾರದೊಳಗೆ ಎಲೆಗಳ ತುದಿ ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರಲು ಶುರುವಾದವು. ಸಂಕಟಕ್ಕೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಭಾನುವಾರ ಕಾಕಾ ಬಂದರು. ಬೈಯಲಿಲ್ಲ. ತುದಿಯ ಎಳೆ ಎಲೆಯೊಂದನ್ನು ಬಿಸಿಲಿಗೆ ಹಿಡಿದು, "ಇಲ್ಲಿ ನೋಡವ್ವ" ಎಂದರು. ಎಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು; ಹಸಿರು ದಾರದಿಂದ ಬಲೆ ಹೆಣೆದಂತೆ.

"ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಗಿಡ ಅದರಿಂದ ಹೀರಿ ಚಿಗುರಿಗೆ ಕಳಿಸುತ್ತದೆ. ಕಬ್ಬಿಣವನ್ನು ಹಾಗೆ ಕಳಿಸಲು ಬರುವುದಿಲ್ಲ. ಅದಕ್ಕೇ ಚಿಗುರು ಬಿಳಚಿಕೊಂಡಿದೆ."

ಕುಂಡದ ಅಂಚಿಗೆ ಕಟ್ಟಿದ್ದ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ನಮ್ಮದು ಸುಣ್ಣದಂಶವಿರುವ ಎರೆ ಮಣ್ಣು, ಮೇಲೆ ಬೋರ್‌ವೆಲ್‌ನ ಗಡಸು ನೀರು. ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಯೂರಿಯಾದಲ್ಲಿ 46% ಸಾರಜನಕ; ಮುಷ್ಟಿಗಟ್ಟಲೆ ಒಮ್ಮೆಗೇ ಬಿದ್ದರೆ ಬೇರು ಸುಡುತ್ತದೆ. ಹೊಲದಲ್ಲಾದರೆ ಬೇರು ಬೇರೆ ಕಡೆ ಹರಿದೀತು, ಕುಂಡದಲ್ಲಿ ಎಲ್ಲಿಗೆ ಹೋಗಬೇಕು? ಅಂಗಡಿಗೆ ಹೋಗುವ ಮೊದಲು ಎಲೆಯನ್ನು ತಿರುಗಿಸಿ ನೋಡದೆ ಹೋದೆನಲ್ಲ ಎಂದು ಇಂದಿಗೂ ಅನಿಸುತ್ತದೆ.

ಅಂದು ಮಧ್ಯಾಹ್ನವೇ, ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದು ಹೋಗುವಂತೆ ಕೊಡಗಟ್ಟಲೆ ನೀರು ಹೊಯ್ದು ಯೂರಿಯಾ ತೊಳೆದೆವು. ಬಿಸಿಲು ಇಳಿದ ಮೇಲೆ ಕಬ್ಬಿಣ, ಸತು ಇರುವ ಲಘು ಪೋಷಕಾಂಶದ ಪುಡಿಯನ್ನು ಪೊಟ್ಟಣದ ಮೇಲಿದ್ದ ಅಳತೆಯಂತೆ ಕರಗಿಸಿ ಎಲೆಗಳಿಗೆ ಸಿಂಪಡಿಸಿದೆ. ಬುಡಕ್ಕೆ ಎರೆಹುಳು ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಹಾಕಿದ್ದು ಹೊಸ ಚಿಗುರು ಕಂಡ ಮೇಲೆಯೇ. ಆ ಚಿಗುರು ಹಸಿರಾಗಿತ್ತು. ಹಳೆಯ ಸುಟ್ಟ ಎಲೆಗಳು ಹಾಗೆಯೇ ಉದುರಿಹೋದವು.

ಹೊರಡುವಾಗ ಕಾಕಾ ಪಕ್ಕದ ಪೇರಲ ಕುಂಡದ ಮುಂದೆ ಬಗ್ಗಿದ್ದರು. ಅದರಲ್ಲಿ ತುದಿ ಹಸಿರು, ಬುಡದ ಎಲೆಗಳು ಹಳದಿ.

"ಇದಕ್ಕೆ ಏನು ಬೇಕು, ನೀನೇ ಹೇಳು" ಎಂದರು.

"ಸಾರಜನಕ."

"ಹೌದು. ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮನಾಗಿರುವ 19:19:19 ಗೊಬ್ಬರ ತಾ. ಲೀಟರ್ ನೀರಿಗೆ ಒಂದು ಗ್ರಾಂ ಸಾಕು. ಮುಷ್ಟಿಯಲ್ಲಿ ಅಳೆಯಬೇಡ."