ಹೆಗಲ ಮೇಲಿನ ಬ್ಯಾಗೋ, ಮುಂದೆ ತಳ್ಳುವ ಕಾರ್ಟೋ

ಟಿವಿಯಲ್ಲಿ ಅಮೆರಿಕದ ಗಾಲ್ಫ್ ನೋಡಿದವರಿಗೆ ಒಂದು ಚಿತ್ರ ಮನಸ್ಸಿನಲ್ಲಿ ಕೂತಿರುತ್ತದೆ. ಆಟಗಾರ ಕೈಬೀಸಿಕೊಂಡು ನಡೆಯುತ್ತಾನೆ, ಅವನ ದೊಡ್ಡ ಬ್ಯಾಗ್ ಹೊತ್ತು ಕ್ಯಾಡಿ ಜೊತೆಗೇ ಬರುತ್ತಾನೆ. ನಾನಿರುವ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ನಮ್ಮಂಥವರು ಆಡುವ ಕೋರ್ಸ್‌ಗಳಲ್ಲಿ ಕ್ಯಾಡಿ ಇರುವುದಿಲ್ಲ. ನಿಮ್ಮ ಬ್ಯಾಗ್, ನಿಮ್ಮ ಪಾಡು. ಕೂತು ಓಡಿಸುವ ಬ್ಯಾಟರಿ ಗಾಡಿ ಬಾಡಿಗೆಗೆ ಸಿಗುತ್ತದೆ, ನಿಜ. ಆದರೆ ನಡೆದೇ ಆಡುವವರೂ ಇಲ್ಲಿ ಬೇಕಾದಷ್ಟು ಜನ. ನಾನೂ ಆ ಗುಂಪಿನವನೇ. ಗಾಲ್ಫ್ ನಡೆದೇ ಆಡಬೇಕಾದ ಆಟ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನ ಹೊಡೆತ ಹೇಗಿರಬೇಕು ಅನ್ನುವುದು ಹೊಳೆಯುವುದೇ ಚೆಂಡಿನ ಕಡೆಗೆ ನಡೆಯುವಾಗ.

ಪ್ರಶ್ನೆ ಬರುವುದು ಆಮೇಲೆ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಡೆಯಬೇಕೋ, ಮೂರು ಚಕ್ರದ ಪುಶ್ ಕಾರ್ಟ್‌ಗೆ ಕಟ್ಟಿ ತಳ್ಳಿಕೊಂಡು ನಡೆಯಬೇಕೋ? ಚೆಂಡನ್ನು ಒಂದು ಗುಳಿಗೆ ಹಾಕುವವರೆಗಿನ ಆಟ ಒಂದು ಹೋಲ್. ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ 8ರಿಂದ 10 ಕಿಲೋಮೀಟರ್ ನಡೆದಿರುತ್ತೇವೆ, ನಾಲ್ಕು ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಜೊತೆಗಿರುವ ಭಾರದ ಬಗ್ಗೆ ಸ್ವಲ್ಪ ಯೋಚಿಸಲೇಬೇಕು, ಅಲ್ವಾ?

ಮೊದಲು ಭಾರದ ಲೆಕ್ಕ ನೋಡೋಣ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿ ಈ ಮಿತಿ ಬಂದದ್ದು 1938ರಲ್ಲಿ. ಅದಕ್ಕೂ ಮುಂಚೆ ಇಪ್ಪತ್ತಕ್ಕಿಂತ ಜಾಸ್ತಿ ಕ್ಲಬ್ ತುಂಬಿಕೊಂಡು ಬರುವವರಿದ್ದರು. ಹೊರುವ ಕ್ಯಾಡಿಗಳ ಪಾಡನ್ನು ನೀವೇ ಊಹಿಸಿ. ಇವತ್ತಿನ 14 ಕ್ಲಬ್‌ಗಳೇ ಐದಾರು ಕಿಲೋ ತೂಗುತ್ತವೆ. ಕಾಲಿರುವ ಹಗುರ ಬ್ಯಾಗ್ ಎರಡು, ಎರಡೂವರೆ ಕಿಲೋ. ನೀರಿನ ಬಾಟಲಿ, ಹತ್ತು ಹನ್ನೆರಡು ಚೆಂಡು, ಮಳೆ ಕೋಟು, ಛತ್ರಿ, ಟವೆಲ್ಲು, ತಿನ್ನಲು ಏನಾದರೂ. ಎಲ್ಲ ಸೇರಿ 12 ಕಿಲೋ ಹತ್ತಿರ ಹೋಗುತ್ತದೆ. ಪೋರ್ಟ್‌ಲ್ಯಾಂಡ್ ಮಳೆಯ ಊರು. ಬ್ಯಾಗ್ ಒದ್ದೆಯಾದರೆ ಇನ್ನೂ ಭಾರ.

ಹನ್ನೆರಡು ಕಿಲೋ ಹೊತ್ತು ನಡೆಯುವುದೇನೂ ದೊಡ್ಡ ಕಷ್ಟವಲ್ಲ. ಎರಡೂ ಹೆಗಲಿಗೆ ಬರುವ ಪಟ್ಟಿಯ ಬ್ಯಾಗ್ ಆದರೆ ಭಾರ ಬೆನ್ನಿನ ಕೆಳಗೆ ಅಡ್ಡಲಾಗಿ ಕೂರುತ್ತದೆ, ಒಂದೇ ಕಡೆ ಎಳೆಯುವುದಿಲ್ಲ. ದಣಿವು ಬರುವುದು ನಡೆಯುವುದರಿಂದಲ್ಲ. ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು, ಅದರಿಂದ. ಚೆಂಡಿನ ಹತ್ತಿರ ಬಂದಿರಿ, ಬ್ಯಾಗ್ ಇಳಿಸಿದಿರಿ, ಕಾಲು ಬಿಚ್ಚಿಕೊಂಡು ಅದು ನಿಂತಿತು, ಹೊಡೆದಿರಿ, ಮತ್ತೆ ಬಗ್ಗಿ ಎತ್ತಿ ಒಂದು ಕೈ ಪಟ್ಟಿಯೊಳಗೆ ತೂರಿಸಿದಿರಿ, ಇನ್ನೊಂದು ಕೈಗೆ ಪಟ್ಟಿ ಸಿಗದೆ ಹಿಂದೆ ಹುಡುಕಿದಿರಿ. ತೊಂಬತ್ತು ಹೊಡೆತದಲ್ಲಿ ಆಟ ಮುಗಿಸುವವರು ಗ್ರೀನ್ (ಗುಳಿಯ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಪಟ್‌ಗಳನ್ನು ಬಿಟ್ಟರೂ ಐವತ್ತು ಅರವತ್ತು ಸಲ ಹೀಗೆ ಮಾಡಬೇಕು. ಹನ್ನೆರಡು ಕಿಲೋವನ್ನು ಅರವತ್ತು ಸಲ ಎತ್ತಿದರೆ 720 ಕಿಲೋ. ಅದೂ ಹೆಚ್ಚಾಗಿ ಒಂದೇ ಕಡೆಗೆ ತಿರುಗಿ, ಸೊಂಟ ತಿರುಚಿ. ಹದಿನೈದನೇ ಹೋಲ್ ಹೊತ್ತಿಗೆ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಯಾಕೆ ಅವಸರ ಅವಸರವಾಗಿ ಬರುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಬೆನ್ನು ನೋವಿನ ಇತಿಹಾಸ ಇರುವವರು ಭಾರ ಎಷ್ಟು ಅಂತ ಕೇಳುವ ಮೊದಲು ಎಷ್ಟು ಸಲ ಎತ್ತಬೇಕು ಅಂತ ಕೇಳಿಕೊಳ್ಳಬೇಕು.

"ತಳ್ಳಿಕೊಂಡು ಹೋದರೆ ವ್ಯಾಯಾಮ ಎಲ್ಲಿ ಆಯ್ತು?" ಇದು ಹೊರುವವರು ಕೇಳುವ ಮಾತು. ಇದಕ್ಕೆ ಅಳತೆಯ ಉತ್ತರವೇ ಇದೆ. ಡೆನ್ವರ್‌ನ ವ್ಯಾಯಾಮ ವಿಜ್ಞಾನಿ ನೀಲ್ ವೋಲ್ಕೋಡಾಫ್ 2008ರಲ್ಲಿ ಎಂಟು ಜನ ಆಟಗಾರರಿಗೆ ಉಪಕರಣ ಕಟ್ಟಿ, ಒಂಬತ್ತು ಹೋಲ್‌ಗಳನ್ನು ನಾಲ್ಕು ಬಗೆಯಲ್ಲಿ ಆಡಿಸಿ ನೋಡಿದರು. ಬ್ಯಾಗ್ ಹೊತ್ತಾಗ ಖರ್ಚಾದದ್ದು 721 ಕ್ಯಾಲೊರಿ. ಪುಶ್ ಕಾರ್ಟ್ ತಳ್ಳಿದಾಗ 718. ಕ್ಯಾಡಿ ಇದ್ದಾಗ 613, ಗಾಡಿಯಲ್ಲಿ ಕೂತಾಗ 411. ಹೊರುವುದಕ್ಕೂ ತಳ್ಳುವುದಕ್ಕೂ ಮೂರೇ ಕ್ಯಾಲೊರಿ ವ್ಯತ್ಯಾಸ! ಸ್ಕೋರ್ ಇನ್ನೂ ಸ್ವಾರಸ್ಯ. ಗಾಲ್ಫ್‌ನಲ್ಲಿ ಸ್ಕೋರ್ ಅಂದರೆ ಹೊಡೆತಗಳ ಎಣಿಕೆ, ಕಡಿಮೆಯಾದಷ್ಟೂ ಒಳ್ಳೆಯದು. ಸರಾಸರಿ ನೋಡಿದರೆ ತಳ್ಳಿದಾಗ 40, ಕ್ಯಾಡಿ ಜೊತೆ 42, ಗಾಡಿಯಲ್ಲಿ 43, ಹೊತ್ತಾಗ 45. ಎಂಟು ಜನರ ಮೇಲೆ ಮಾಡಿದ ಸಣ್ಣ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಾಗಿಲ್ಲ. ಆದರೂ ಏರು ಹತ್ತಿ ಏದುಸಿರು ಬಿಡುತ್ತಾ ಹೊಡೆದ ಚೆಂಡು ನೆಟ್ಟಗೆ ಹೋಗುವುದಿಲ್ಲ ಅನ್ನುವುದು ಆಡಿದವರಿಗೆಲ್ಲ ಗೊತ್ತಿರುವ ವಿಷಯ.

ನಮ್ಮ ಊರಿಗೂ ಬ್ಯಾಗ್ ಸಾಗಿಸುವ ಗಾಡಿಗೂ ಹಳೆಯ ನಂಟಿದೆ. ಬ್ಯಾಗ್ ಬಾಯ್ ಎಂಬ ಹೆಸರಿನ ಎರಡು ಚಕ್ರದ ಎಳೆಯುವ ಗಾಡಿ 1940ರ ದಶಕದಲ್ಲಿ ಶುರುವಾದದ್ದು ಇದೇ ಪೋರ್ಟ್‌ಲ್ಯಾಂಡ್‌ನಲ್ಲಿ. ಬಹಳ ಕಾಲ ಎಲ್ಲರೂ ಹೀಗೆ ಎಳೆದುಕೊಂಡೇ ಹೋಗುತ್ತಿದ್ದರು. ಎಳೆಯುವಾಗ ಒಂದು ಕೈ ಹಿಂದೆ, ಹೆಗಲು ತಿರುಚಿಕೊಂಡಿರುತ್ತದೆ. ಭಾರ ಹೆಗಲಿಂದ ಇಳಿದರೂ ನೋವು ಬೇರೆ ಕಡೆ ಶುರುವಾಗುತ್ತದೆ. 1999ರಲ್ಲಿ ಮೊಂಟಾನಾ ರಾಜ್ಯದ ಸನ್ ಮೌಂಟನ್ ಕಂಪನಿ ಸ್ಪೀಡ್ ಕಾರ್ಟ್ ಅನ್ನುವ ಮೂರು ಚಕ್ರದ, ಮುಂದೆ ತಳ್ಳುವ ಗಾಡಿ ತಂದಿತು. ಮಗು ಕೂರಿಸಿಕೊಂಡು ಜಾಗಿಂಗ್ ಮಾಡುವವರು ತಳ್ಳುವ ಗಾಡಿಯಂತೆಯೇ ಕಾಣುತ್ತದೆ. ಬೆನ್ನು ನೆಟ್ಟಗೆ, ಎರಡೂ ಕೈ ಮುಂದೆ. ಈಗ ಕಾಲೇಜು ತಂಡಗಳ ಗಟ್ಟಿಮುಟ್ಟಾದ ಹುಡುಗ ಹುಡುಗಿಯರೂ ಇದನ್ನೇ ತಳ್ಳಿಕೊಂಡು ಓಡಾಡುತ್ತಾರೆ. ವಯಸ್ಸಾದವರ ಗಾಡಿ ಎನ್ನುವ ಮಾತು ಹಾಗಾಗಿ ಸುಮ್ನೆ.

ನಗರದ್ದೇ ಆದ ಹೆರಾನ್ ಲೇಕ್ಸ್ ಕೋರ್ಸ್‌ನಲ್ಲಿ ಕಾರ್ಟ್ ತಳ್ಳುವುದು ಎಂಥ ಸುಖ ಅಂತ ಹೇಳಲೇಬೇಕು. ಕೊಲಂಬಿಯಾ ನದಿಯ ಹತ್ತಿರದ ಸಮತಟ್ಟು ಜಾಗ. ಹುಲ್ಲು ಒಣಗಿರುವ ಬೇಸಿಗೆಯಲ್ಲಿ ಎರಡು ಬೆರಳು ಸಾಕು, ಗಾಡಿ ತಾನಾಗಿ ಉರುಳುತ್ತದೆ. ಹಿಡಿಯ ಮುಂದಿನ ತಟ್ಟೆಯಲ್ಲಿ ಸ್ಕೋರ್ ಕಾರ್ಡ್, ಪಕ್ಕದಲ್ಲಿ ನೀರು, ಛತ್ರಿಗೆ ಒಂದು ಕೊಳವೆ. ಸಣ್ಣ ಮಳೆ ಬಂದರೂ ಕೈ ಖಾಲಿಯಾಗಿರುತ್ತದೆ, ಕ್ಲಬ್‌ನ ಹಿಡಿ ಒದ್ದೆಯಾಗುವುದಿಲ್ಲ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಬಹುದು. ಪರದೇಶದಲ್ಲಿ ಪರಿಚಯ ಬೆಳೆಯುವುದು ಹೀಗೇ. ಒಬ್ಬರೇ ಹೋದವರನ್ನು ಇಲ್ಲಿ ಬೇರೆ ಮೂವರ ಜೊತೆ ಸೇರಿಸಿ ಕಳಿಸುತ್ತಾರೆ. ನಾಲ್ಕು ಗಂಟೆ ಜೊತೆಗೆ ನಡೆದ ಮೇಲೆ ಅವರು ಅಪರಿಚಿತರಾಗಿ ಉಳಿಯುವುದಿಲ್ಲ.

ಹಾಗಂತ ಕಾರ್ಟ್ ಎಲ್ಲ ಕಡೆಗೂ ಅಲ್ಲ. ಕಡಿದಾದ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಅದು ಕೆಳಗಿನ ಕಡೆಗೇ ಎಳೆಯುತ್ತದೆ. ಇಳಿಯುವಾಗ ಕೈಯಿಂದ ತಪ್ಪಿಸಿಕೊಂಡು ಓಡುತ್ತದೆ, ಅದಕ್ಕೇ ಹಿಡಿಗೆ ಒಂದು ದಾರ ಇರುತ್ತದೆ, ಅದನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ. ನಿಲ್ಲಿಸಿದ ಕೂಡಲೇ ಬ್ರೇಕ್ ಹಾಕುವುದು ಅಭ್ಯಾಸವಾಗಲಿ. ಹತ್ತಿರದಲ್ಲಿ ಕೆರೆ ಇದ್ದರೆ ಎರಡು ಸಲ ನೋಡಿ. ಗ್ರೀನ್ ಮೇಲೂ, ಪ್ರತಿ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಮೇಲೂ ಗಾಡಿ ಹತ್ತಿಸಬಾರದು. ಗ್ರೀನ್ ಸುತ್ತ ಬಳಸಿಕೊಂಡು ಹೋಗಿ ಮುಂದಿನ ಟೀ ಇರುವ ಪಕ್ಕದಲ್ಲಿ ನಿಲ್ಲಿಸಿದರೆ ಹಿಂದಿನವರಿಗೆ ಕಾಯುವ ಪಾಡು ತಪ್ಪುತ್ತದೆ. ಹೆಗಲ ಮೇಲೆ ಬ್ಯಾಗ್ ಇದ್ದವರಿಗೆ ಈ ಸುತ್ತು ಕಡಿಮೆ. ಎರಡು ಬಂಕರ್ (ಮರಳು ಗುಂಡಿ) ನಡುವಿನ ಕಿರುದಾರಿಯಲ್ಲೂ, ಮರಗಳ ಬೇರಿನ ಮೇಲೂ ಅವರು ನೆಟ್ಟಗೆ ದಾಟಿಬಿಡುತ್ತಾರೆ.

ಚಳಿಗಾಲದ ಒರೆಗಾನ್ ಅಂತೂ ಹೊರುವವರ ಕಾಲ. ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿ, ಅಂದರೆ ತಿಂಗಳುಗಟ್ಟಲೆ ಮಳೆ ಕುಡಿದ ಫೇರ್‌ವೇಯಲ್ಲಿ ಚಕ್ರ ಹೂತುಕೊಳ್ಳುತ್ತದೆ, ಚಕ್ರಕ್ಕೆ ಕೆಸರು ಮೆತ್ತಿ ಬ್ರೇಕ್ ಹಿಡಿಯುವುದಿಲ್ಲ, ಮನೆಗೆ ಬಂದ ಮೇಲೆ ಕಾರಿನ ಡಿಕ್ಕಿ ತೊಳೆಯುವ ಕೆಲಸ ಬೇರೆ. ಆಗ ನಾನು ಮಾಡುವುದು ಇಷ್ಟೇ. ಬ್ಯಾಗಿನಲ್ಲಿ ಏಳೆಂಟು ಕ್ಲಬ್ ಮಾತ್ರ, ನಾಲ್ಕೈದು ಚೆಂಡು, ಒಂದು ಮಳೆ ಕೋಟು, ಒಂಬತ್ತೇ ಹೋಲ್. ಹದಿನಾಲ್ಕು ಅನ್ನುವುದು ಮಿತಿ, ಅಷ್ಟೂ ತುಂಬಲೇಬೇಕು ಅಂತ ಯಾರೂ ಹೇಳಿಲ್ಲ. ಏಳು ಕಿಲೋ ಒಳಗಿನ ಬ್ಯಾಗ್ ಹೆಗಲಿಗೆ ಗೊತ್ತೇ ಆಗುವುದಿಲ್ಲ. ಕ್ಲಬ್ ಕಡಿಮೆ ಇದ್ದಾಗ ಸೆವೆನ್ ಐರನ್ ಎಂಬ ಒಂದೇ ಕ್ಲಬ್ಬಿನಲ್ಲಿ ಅರ್ಧ ಸ್ವಿಂಗು, ಮುಕ್ಕಾಲು ಸ್ವಿಂಗು ಅಂತ ನಾನಾ ಹೊಡೆತ ಕಲಿಯಬೇಕಾಗುತ್ತದೆ. ಈ ಕಲಿಕೆ ಬೇಸಿಗೆಯಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಇದೇ ರಾಜ್ಯದ ಕಡಲ ತೀರದಲ್ಲಿ ಬ್ಯಾಂಡನ್ ಡ್ಯೂನ್ಸ್ ಇದೆ, 1999ರಲ್ಲಿ ತೆರೆದದ್ದು. ಗಾಲ್ಫ್ ಪ್ರೀತಿಸುವವರು ಒಮ್ಮೆ ನೋಡಲೇಬೇಕಾದ ಜಾಗ. ಅಲ್ಲಿ ನಡೆದೇ ಆಡಬೇಕು ಅನ್ನುವುದು ನಿಯಮ. ದೇಶದ ಅತಿ ದುಬಾರಿ ಸಾಲಿನ ಕೋರ್ಸ್‌ಗೆ ಬಂದವರೂ ಮರಳು ದಿಬ್ಬಗಳ ನಡುವೆ ಕಡಲ ಗಾಳಿಗೆ ಮುಖಕೊಟ್ಟು ನಡೆಯುತ್ತಾರೆ.

ನನ್ನ ಮಾತು ಇಷ್ಟು. ನಲವತ್ತು ದಾಟಿದವರು, ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವರು ಹದಿನೆಂಟು ಹೋಲ್ ಆಡುವುದಾದರೆ ಕಣ್ಣು ಮುಚ್ಚಿ ಕಾರ್ಟ್ ತಳ್ಳಿ. ಇಪ್ಪತ್ತರ ಹುಡುಗರು ಹೊರಲಿ, ಅದರ ಖುಷಿಯೇ ಬೇರೆ. ಇಲ್ಲಿಗೆ ಬಂದು ಹೊಸದಾಗಿ ಆಟ ಶುರು ಮಾಡುವವರು ಕಾರ್ಟನ್ನು ಮೊದಲೇ ಕೊಳ್ಳಬೇಡಿ. ಬಹಳಷ್ಟು ಕೋರ್ಸ್‌ಗಳಲ್ಲಿ ಬಾಡಿಗೆಗೆ ಕೊಡುತ್ತಾರೆ, ನಾಲ್ಕಾರು ಸಲ ತಳ್ಳಿ ನೋಡಿ. ಬ್ಯಾಗ್ ಕೊಳ್ಳುವಾಗ ಮಾತ್ರ ಕಾಲಿರುವ ಹಗುರ ಬ್ಯಾಗನ್ನೇ ಆರಿಸಿ. ಅಂಗಡಿಯಲ್ಲಿ ಹತ್ತಾರು ಜೇಬಿನ ದೊಡ್ಡ ಕಾರ್ಟ್ ಬ್ಯಾಗ್ ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಹೊತ್ತು ನಡೆಯಲು ಆಗುವುದಿಲ್ಲ. ಹಗುರ ಬ್ಯಾಗ್ ಕಾರ್ಟ್ ಮೇಲೂ ಕೂರುತ್ತದೆ. ಕೊಳ್ಳುವ ಮುಂಚೆ ಕಾರ್ಟ್‌ನ ಪಟ್ಟಿ ಬಿಗಿದಾಗ ಬ್ಯಾಗಿನ ಕಾಲು ಸಿಕ್ಕಿಹಾಕಿಕೊಳ್ಳುತ್ತದೆಯೋ ಅಂತ ಅಂಗಡಿಯಲ್ಲೇ ಕಟ್ಟಿಸಿ ನೋಡಿಕೊಳ್ಳಿ.